ಕೊನೆಯ ಕಾಲಮಿನ ತೇಜಪ್ಪ

ದಾಖಲೆ ಕೋಣೆಗೆ ಹೊಸದಾಗಿ ಸೇರಿದವರು ನನ್ನನ್ನು ಕಂಡರೆ ಮೊದಲು ಕೇಳುವುದು ಬಡ್ತಿ ಎಷ್ಟು ವರ್ಷಕ್ಕೆ ಸಿಗುತ್ತದೆ ಎಂದು. ಅದಕ್ಕೆ ನನ್ನಲ್ಲಿ ಉತ್ತರವಿದೆ, ಆದರೆ ಅದನ್ನು ತಿಳಿದು ಯಾರೂ ಉದ್ಧಾರವಾಗುವುದಿಲ್ಲ. ಕುಂದಾಪುರದ ಕಡೆಯ ಒಂದು ಸರಕಾರಿ ಕಚೇರಿಯ ದಾಖಲೆ ಕೋಣೆಯಲ್ಲಿ ಮೂವತ್ತೆಂಟು ವರ್ಷ ಕೂತೆದ್ದವನು ನಾನು. ಯಾವ ಕಚೇರಿ ಎಂದು ಬರೆಯುವುದಿಲ್ಲ. ಈಗ ಅಲ್ಲಿ ಕೆಲಸ ಮಾಡುವ ಮಕ್ಕಳು ನನ್ನ ತಪ್ಪಿಗೆ ಬೈಸಿಕೊಳ್ಳುವುದು ಬೇಡ.

ನನ್ನ ಮೇಲೆ ನಾಯಕ್‌ ಎಂಬ ಹೆಡ್ ಗುಮಾಸ್ತರಿದ್ದರು. ಸಣಕಲು ಆಸಾಮಿ, ಮಾತು ಕಡಿಮೆ. ಮೊದಲ ಒಂದು ತಿಂಗಳು ನನಗೆ ಕೊಟ್ಟ ಕೆಲಸ ಕೆಂಪು ಬಟ್ಟೆಯ ಕಟ್ಟುಗಳನ್ನು ಬಿಚ್ಚಿ ಮತ್ತೆ ಕಟ್ಟುವುದು. ಒಳಗಿನ ಕಾಗದ ಮುಟ್ಟುವ ಹಾಗಿಲ್ಲ. ಬಿ.ಎ. ಪಾಸಾದವನಿಗೆ ಇದೆಂಥ ಶಿಕ್ಷೆ ಎಂದು ಮುಖ ಊದಿಸಿಕೊಂಡೆ. "ಕಟ್ಟುಕೆ ಬಪ್ಪತನಕ ಬಿಚ್ಚೂದ್ ಬ್ಯಾಡ ಮಾರಾಯ" ಎಂದರು. ಪುಟ ತಿರುವಲು ಬೆರಳಿಗೆ ಎಂಜಲು ಹಚ್ಚಿದರೆ ಸ್ಕೇಲಿನಿಂದ ಕೈಗೆ ಒಂದು ಬೀಳುತ್ತಿತ್ತು. ಈಗ ಹೀಗೆ ಮಾಡಿದರೆ ಮೇಲಧಿಕಾರಿಯ ಮೇಲೆ ದೂರು ಹೋಗುತ್ತದೆ. ಹೋಗಬೇಕಾದದ್ದೇ, ಆದರೆ ಪುಸ್ತಕಗಳು ಆಗ ಚೆನ್ನಾಗಿದ್ದವು.

ನಮ್ಮಲ್ಲಿಗೆ ಬರುವವರಲ್ಲಿ ಬಹಳ ಜನರಿಗೆ ಒಂದು ನಂಬಿಕೆ ಇತ್ತು. ಜನಗಣತಿಯವರು ಮನೆಮನೆಗೆ ಬಂದು ಬರೆದುಕೊಂಡು ಹೋದದ್ದೆಲ್ಲ ಎಲ್ಲೋ ಒಂದು ಕಪಾಟಿನಲ್ಲಿ ಭದ್ರವಾಗಿದೆ, ಬೀಗ ತೆಗೆದರೆ ಮುತ್ತಜ್ಜ ಹೊರಗೆ ಬರುತ್ತಾನೆ ಎಂದು. ಮರವಂತೆಯ ಒಬ್ಬ ಅಜ್ಜ ಮೇಜು ಗುದ್ದಿ ಕೇಳಿದ್ದು ನೆನಪಿದೆ. "ಹ್ವಾಯ್, ನಮ್ಮನಿಗ್ ಬಂದ್ ಅಜ್ಜನ ಹೆಸ್ರ್, ಎಮ್ಮಿ ಹೆಸ್ರ್, ಎಲ್ಲ ಬರ್ಕಂಡ್ ಹೋಯಿರ್. ಅದನ್ನೆಲ್ಲ ಎಲ್ಲಿಟ್ರಿ?" ಎಮ್ಮೆಯ ಹೆಸರು ಯಾವ ಗಣತಿಯಲ್ಲೂ ಕೇಳುವುದಿಲ್ಲ ಎಂದು ನಾನು ವಾದಕ್ಕೆ ಇಳಿಯಲಿಲ್ಲ. ನಿಜ ಏನೆಂದರೆ ಎಣಿಸಿ ಮುಗಿದ ಮೇಲೆ ಚೀಟಿಗಳು ರದ್ದಿಗೆ ಹೋಗುತ್ತವೆ. ಒಟ್ಟು ಸಂಖ್ಯೆ ಉಳಿಯುತ್ತದೆ, ಹೆಸರು ಉಳಿಯುವುದಿಲ್ಲ.

ಒಂದು ಸಲ ಮಾತ್ರ ಹಾಗಾಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಗಣತಿಯಲ್ಲಿ ಚೀಟಿಗಳನ್ನು ನೋಡಿಕೊಂಡು ಊರುವಾರು ಹೆಸರಿನ ಪುಸ್ತಕ ಬರೆಸಿದ್ದರು. ಮನೆ ನಂಬರು, ಹೆಸರು, ಯಜಮಾನನಿಗೆ ಏನಾಗಬೇಕು, ಪ್ರಾಯ, ಮದುವೆ ಆಗಿದೆಯೋ ಇಲ್ಲವೋ, ಕಸುಬು. ಕೊನೆಯ ಕಾಲಮಿನ ಮೇಲೆ 'ತಂದೆ, ಗಂಡ ಅಥವಾ ಪೋಷಕ' ಎಂದು ಬರೆದಿತ್ತು. ಕೆಲವು ಊರಿನ ಪುಸ್ತಕಗಳು ನಮ್ಮ ಕೋಣೆಯಲ್ಲಿ ಉಳಿದುಕೊಂಡಿದ್ದವು. ಬೇರೆಲ್ಲೂ ಕಾಗದ ಸಿಗದವರಿಗೆ ನಾವು ಅದರ ನಕಲು ಕೊಡುತ್ತಿದ್ದೆವು.

ಆ ಪುಸ್ತಕದಲ್ಲಿ ಪ್ರಾಯವನ್ನು ನಂಬಬಾರದು. ಹೆಚ್ಚಿನವರ ಪ್ರಾಯ ಐದಕ್ಕೋ ಹತ್ತಕ್ಕೋ ಬಂದು ನಿಲ್ಲುತ್ತದೆ. ಒಬ್ಬ ಅಜ್ಜಿಗೆ ವೃದ್ಧಾಪ್ಯ ವೇತನಕ್ಕೆಂದು ನಾನು ಇದ್ದದ್ದು ಇದ್ದ ಹಾಗೆ ನಕಲು ಮಾಡಿಕೊಟ್ಟೆ. ಅವರು ಮರುದಿನ ತಂಗಿಯನ್ನೂ ಕರೆದುಕೊಂಡು ಬಂದರು. "ಇವ್ಳ್ ನನ್ಕಿಂತ ದೊಡ್ಡವ್ಳಾ? ಹಾಂಗಾರೆ ಸಣ್ಣಕಿಪ್ಪತಿಗೆ ಇವ್ಳ ಮೂಗ್ ಒರ್ಸದ್ ಯಾರ್?" ಕಚೇರಿಯೆಲ್ಲ ನಕ್ಕಿತು. ನಾಯಕ್‌ರೂ ನಕ್ಕರು. ನನ್ನ ತಪ್ಪುಗಳಲ್ಲಿ ನಕ್ಕು ಬಿಡಬಹುದಾದದ್ದು ಅದೊಂದೇ.

ಇನ್ನೊಂದನ್ನು ಬರೆಯಲೆಂದೇ ಇಷ್ಟು ಪೀಠಿಕೆ ಹಾಕಿದ್ದು.

ಕೆಲಸಕ್ಕೆ ಸೇರಿ ಎರಡೋ ಮೂರೋ ವರ್ಷ ಆಗಿತ್ತು. ಗುಲ್ವಾಡಿಯವರೊಬ್ಬರು ಬಂದರು, ಶೀನ ಎಂದು ಹೆಸರು, ಮೂವತ್ತು ದಾಟಿದ ಪ್ರಾಯ. ಸಣ್ಣವರಿದ್ದಾಗಲೇ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ದುಡಿದವರು, ಗಲ್ಫಿಗೆ ಹೋಗುವ ಅವಕಾಶ ಬಂದಿತ್ತು. ಪಾಸ್‌ಪೋರ್ಟಿನ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ. ಶಾಲೆಯ ಸರ್ಟಿಫಿಕೇಟಿನಲ್ಲಿ ತಾಯಿಯ ಹೆಸರು ಮಾತ್ರ ಇತ್ತು, ಪದ್ದು ಎಂದು.

"ಮನೆಯಲ್ಲಿ ಯಾರೂ ಹೇಳಲಿಲ್ವಾ?" ಎಂದೆ.

"ಸಣ್ಣಕಿಪ್ಪತಿಗೆ ಕೇಂಡ್ರೆ ಮಾವ ಬೈತಿದ್ರ್. ಮತ್ತೆ ಕೇಂಬುದೇ ಬಿಟ್ಟೆ."

ತಾಯಿ ಬದುಕಿದ್ದಾರಾ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಇದನ್ನು ಬರೆಯುವ ಅಗತ್ಯ ಬರುತ್ತಿರಲಿಲ್ಲ. ಪುಸ್ತಕ ತೆಗೆದು ಹುಡುಕುವ ಉತ್ಸಾಹ ನನಗೆ. ಗುಲ್ವಾಡಿಯ ಪುಸ್ತಕದಲ್ಲಿ ಅರ್ಧ ಗಂಟೆಗೇ ಸಿಕ್ಕಿತು. ತೇಜಪ್ಪ, ಮನೆಯ ಯಜಮಾನ. ಪದ್ದು, ಇಪ್ಪತ್ತೈದು, ವಿವಾಹಿತೆ. ಶೀನ, ಮೂರು. ಯಜಮಾನನಿಗೆ ಏನಾಗಬೇಕು ಎಂಬ ಕಾಲಂ ಆ ಪುಟದಲ್ಲಿ ಗೆದ್ದಲಿನ ಪಾಲಾಗಿತ್ತು. ಕೊನೆಯ ಕಾಲಂ ನೆಟ್ಟಗೆ ಉಳಿದಿತ್ತು. ಪದ್ದುವಿನ ಎದುರು ತೇಜಪ್ಪ, ಶೀನನ ಎದುರೂ ತೇಜಪ್ಪ. ಹೆಂಗಸಿನ ಎದುರು ಇದ್ದದ್ದು ಗಂಡನ ಹೆಸರು, ಮಗುವಿನ ಎದುರು ಇದ್ದದ್ದು ಅಪ್ಪನ ಹೆಸರು. ನಾನು ಸಾಲಿಗ್ರಾಮದ ಹತ್ತಿರದ ದೇವಸ್ಥಾನದ ಚಾಕರಿಯ ಮನೆಯವನು. ಶ್ರಾದ್ಧದಲ್ಲಿ ಅಪ್ಪ, ಅಜ್ಜ, ಮುತ್ತಜ್ಜ ಎಂದು ಮೂರು ತಲೆ ಹಿಂದಕ್ಕೆ ಹೆಸರು ಹೇಳಿ ಬೆಳೆದವನು. ಬೇರೆ ಥರ ಓದಲು ನನಗೆ ಹೊಳೆಯಲೇ ಇಲ್ಲ.

'ತಂದೆ: ತೇಜಪ್ಪ' ಎಂದು ನಕಲು ಬರೆದು, ಮೊಹರು ಒತ್ತಿ, ನಕಲು ಮಾಡಿದವರು ಎಂಬಲ್ಲಿ ನನ್ನ ಸಹಿ ಹಾಕಿ ಕೊಟ್ಟೆ. ಅವರು ಎರಡು ಸಲ ಓದಿದರು.

"ಪುಸ್ತಕದಂಗೆ ಹೀಂಗೇ ಬರ್ದಿತ್ತಾ?"

"ಹೌದು. ಸರಕಾರದ ಪುಸ್ತಕ, ಸುಳ್ಳು ಬರೆಯುವುದಿಲ್ಲ."

ಅವರು ಕಾಗದ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು ಹೋದರು. ಕೃತಜ್ಞತೆ ಹೇಳದೆ ಹೋದರಲ್ಲ ಎಂದು ನನಗೆ ಬೇಸರವಾಯಿತು.

ನಾಲ್ಕೈದು ತಿಂಗಳ ಮೇಲೆ ನಾಯಕ್‌ರು ನಕಲು ಕೊಟ್ಟ ವಿವರದ ಪುಸ್ತಕ ನೋಡುತ್ತಾ ಒಂದು ಸಾಲಿನಲ್ಲಿ ನಿಂತರು. ಗುಲ್ವಾಡಿಯ ಪುಸ್ತಕ ತರಿಸಿದರು. ಆ ಪುಟ ನೋಡಿ, ಮುಂದಿನ ಪುಟ ತಿರುಗಿಸಿ ನನ್ನ ಎದುರು ಇಟ್ಟರು.

"ಈ ಮನೆ ಓದ್."

ಓದಿದೆ. ಒಬ್ಬ ಯಜಮಾನ, ಆರು ಹೆಂಗಸರು, ಹದಿನಾಲ್ಕು ಮಕ್ಕಳು. ಎಲ್ಲರ ಎದುರೂ ಯಜಮಾನನ ಹೆಸರೇ.

"ನಿನ್ನ ಲೆಕ್ಕದಾಗೆ ಅವ ಆರೂ ಜನಕ್ಕೆ ಗಂಡನಾ?"

ಅದು ಅಳಿಯಕಟ್ಟಿನ ಮನೆ. ಅಂಥ ಮನೆಗಳಲ್ಲಿ ಮಕ್ಕಳು ತಾಯಿಯ ಮನೆತನಕ್ಕೆ ಸೇರಿದವರು, ಯಜಮಾನ ಎಂದರೆ ತಾಯಿಯ ಅಣ್ಣ ಅಥವಾ ಅವಳ ಸೋದರಮಾವ. ಯಾರ ಮಕ್ಕಳು ಎಂದು ಗಣತಿಯವನು ಕೇಳಿದರೆ ಮನೆಯ ಮಕ್ಕಳು ಎಂದು ಯಜಮಾನ ತನ್ನ ಹೆಸರು ಬರೆಸುತ್ತಿದ್ದ. ಆಸ್ತಿಗಾಗಲಿ ಮನೆತನಕ್ಕಾಗಲಿ ಅಪ್ಪನ ಹೆಸರು ಬೇಕಿರಲಿಲ್ಲ. ಅಳಿಯಕಟ್ಟಿನ ವಿಷಯ ನನಗೆ ತಿಳಿಯದ್ದಲ್ಲ. ಪಾಲಿನ ಫೈಲುಗಳಲ್ಲಿ ದಿನಾ ನೋಡುತ್ತಿದ್ದೆ. ಈ ಕಾಲಮಿನಲ್ಲಿ ಅದು ನೆನಪಾಗಲಿಲ್ಲ, ಅಷ್ಟೇ.

"ತೇಜಪ್ಪ ಪದ್ದುಗೆ ಅಣ್ಣ" ಎಂದರು ಆ ಕಡೆಯ ಮನೆಗಳನ್ನೆಲ್ಲ ಬಲ್ಲ ನಾಯಕ್‌ರು. "ಆ ಮಾಣಿ ಅಬ್ಬಿ ಹತ್ರ ಹೋಯಿ ಎಂತ ಕೇಂಡಿಪ್ಪ, ಆಲೋಚ್ನೆ ಮಾಡ್."

ತಾಯಿಯ ಎದುರು ನಿಂತು ಅವರು ಕೇಳಿರಬಹುದಾದ ಮಾತನ್ನು ಆಲೋಚನೆ ಮಾಡಿದೆ. ಮುಂದಿನ ಭಾನುವಾರ ಗುಲ್ವಾಡಿಗೆ ಹೋದೆ. ತೇಜಪ್ಪ ಸತ್ತು ಬಹಳ ವರ್ಷವಾಗಿತ್ತು. ಹೊಳೆಬದಿಯ ಮನೆಯಲ್ಲಿ ಪದ್ದಕ್ಕ ಒಬ್ಬರೇ ಇದ್ದರು, ಐವತ್ತೈದರ ಸುಮಾರಿನ ಹೆಂಗಸು, ಅಂಗಳದಲ್ಲಿ ಬಲೆ ಹರಡಿಕೊಂಡು ಹೊಲಿಯುತ್ತಿದ್ದರು. ನಾನು ಯಾರು, ಏನು ಮಾಡಿದೆ ಎಂದು ಹೇಳಿದೆ. ಅವರ ಕೈ ನಿಲ್ಲಲಿಲ್ಲ.

"ಅವ ಬಂದಿದ" ಎಂದರು. "ಅಪ್ಪಯ್ಯನ ಹೆಸ್ರ್ ಕೇಂಡಿದ್ರೆ ಹೇಳ್ತಿದ್ದೆ. ಅಣ್ಣ ಸತ್ತ ಮೇಲೆ ಹೇಳುಕೆ ಎಂತ ಹೆದ್ರಿಕಿ? ಅವ ಅದ್ ಕೇಣ್ಲಿಲ್ಲೆ. ಬೇರೆ ಕೇಂಡ."

"ಅವರ ಹೆಸರು ನನಗೆ ಹೇಳಿ. ನಾನು ಸರಿ ಮಾಡಿ ಬರೆದು ಅವರಿಗೆ ಕಳಿಸುತ್ತೇನೆ."

"ಕೇಂಬುದು ನನ್ನ ಮಗ. ಅವ ಬಂದ್ ಕೇಣ್ಲಿ. ನಿಮ್ಗೆ ಎಂತಕ್ಕೆ?"

ಬೇಡಿಕೊಂಡೆ. ಒಂದು ಲೋಟ ನೀರು ಬೆಲ್ಲ ತಂದಿಟ್ಟರು, ಹೆಸರು ಹೇಳಲಿಲ್ಲ. ಶೀನ ಆಗಲೇ ಗಲ್ಫ್ ಸೇರಿದ್ದರು, ವಿಳಾಸ ತಾಯಿಯ ಬಳಿಯೂ ಇರಲಿಲ್ಲ. ಏಳೆಂಟು ವರ್ಷದ ಮೇಲೆ ಪದ್ದಕ್ಕ ತೀರಿಹೋದರು ಎಂದು ಗುಲ್ವಾಡಿಯಿಂದ ಬಂದ ಯಾರೋ ಹೇಳಿದರು. ಮಗ ಬಂದಿರಲಿಲ್ಲವಂತೆ. ನಾನು ಆ ಮೇಲೆ ಹುಡುಕಲಿಲ್ಲ. ಕೆಲಸ ಹೆಚ್ಚಿತ್ತು ಎಂದು ಹೇಳಬಹುದು, ಅದು ಸುಳ್ಳು. ನಾಚಿಕೆಯಾಗುತ್ತಿತ್ತು, ಆ ಪುಸ್ತಕ ಇದ್ದ ಕಪಾಟಿನ ಕಡೆ ಹೋಗುವುದನ್ನೇ ಕಡಿಮೆ ಮಾಡಿದೆ.

ಮಧ್ಯದ ವರ್ಷಗಳಲ್ಲಿ ಎಲ್ಲ ಬದಲಾಯಿತು. ಕಂಪ್ಯೂಟರು ಬಂತು, ಸ್ಕ್ಯಾನರು ಬಂತು. ಸ್ಕ್ಯಾನು ಮಾಡಲು ಗುತ್ತಿಗೆಗೆ ಬಂದವರು ಒಂದಿಡೀ ಊರಿನ ಪುಸ್ತಕವನ್ನು ತಲೆಕೆಳಗಾಗಿ ಹಾಕಿದ್ದರು, ಅದನ್ನು ಕಂಡುಹಿಡಿಯಲು ಎರಡು ವರ್ಷ ಹಿಡಿಯಿತು. ನಾನು ನಿವೃತ್ತನಾಗುವ ಹೊತ್ತಿಗೆ ಬೈಂದೂರು, ಬ್ರಹ್ಮಾವರ ಬೇರೆ ತಾಲೂಕುಗಳಾದವು. ಆ ಊರುಗಳ ಕಟ್ಟುಗಳನ್ನು ಟೆಂಪೋದಲ್ಲಿ ತುಂಬಿ ಕಳಿಸಿದೆವು. ಕಟ್ಟುವ ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು, ಅದನ್ನೇ ಮಾಡಿದೆ. ಒಂದನ್ನೂ ಬಿಚ್ಚಿ ನೋಡಲಿಲ್ಲ.

ಹೋದ ವರ್ಷ ಒಬ್ಬ ಹುಡುಗಿ ನಮ್ಮ ಮನೆ ಹುಡುಕಿಕೊಂಡು ಬಂದಳು. ನಿಶಾ ಎಂದು ಹೆಸರು, ಬ್ರಹ್ಮಾವರದ ಒಂದು ಶಾಲೆಯಲ್ಲಿ ಟೀಚರು. ಹುಟ್ಟಿ ಬೆಳೆದದ್ದು ಮುಂಬೈ. ಕೈಯಲ್ಲಿ ಪ್ಲಾಸ್ಟಿಕ್ ಹಾಕಿಸಿದ ಒಂದು ಹಳೆಯ ಕಾಗದ.

"ಇದ್ರಲ್ ಸಹಿ ನಿಮ್ದೇ ಅಲ್ದಾ?"

ನನ್ನದೇ. ಹರೆಯದ ಸಹಿ, ಬಾಲ ಉದ್ದ ಎಳೆದಿದ್ದೆ.

ಅವಳು ಶೀನರ ಮೊಮ್ಮಗಳು. ಹೊಸ ಗಣತಿ ಬರುತ್ತದೆಂದು ಶಾಲೆಯಲ್ಲಿ ಮಾತು ನಡೆಯುವಾಗ ಮನೆಯಲ್ಲಿ ಸುಮ್ಮನೆ ಅಜ್ಜನ ಅಪ್ಪನ ಹೆಸರು ಕೇಳಿದ್ದಳು. "ಅಜ್ಜ ಟ್ರಂಕಿಂದ ಇದ್ ತೆಗ್ದ್ ಕೊಟ್ರ್. ಮತ್ತೆ ಎರ್ಡ್ ದಿನ ಏಕ್‌ದಮ್ ಚುಪ್. ಊಟಕ್ಕೂ ಬರ್ಲಿಲ್ಲೆ. ಗುಲ್ವಾಡಿಗ್ ಹೋಪ ಅಂದ್ರೆ ಆ ಮನಿ ಹೆಸ್ರ್ ಎತ್ತ್‌ಬ್ಯಾಡ ಅಂತ್ರ್. ತೇಜಪ್ಪ ಅಂದ್ರೆ ಎಂತ ಮಾಡಿರ್ ಅವ್ರ್?"

"ತೇಜಪ್ಪ ಏನೂ ಮಾಡಲಿಲ್ಲ. ಮಾಡಿದ್ದು ನಾನು" ಎಂದೆ. ಎಲ್ಲ ಹೇಳಿದೆ. ನಲವತ್ತು ವರ್ಷಕ್ಕೂ ಮಿಕ್ಕಿ ಅವಳ ಅಜ್ಜನ ಪಾಸ್‌ಪೋರ್ಟು, ಬ್ಯಾಂಕು, ಆಧಾರ್ ಎಲ್ಲದರಲ್ಲೂ ತಂದೆ ಎಂದು ತೇಜಪ್ಪನ ಹೆಸರಿದೆಯಂತೆ. ತನ್ನ ತಾಯಿಯ ಅಣ್ಣನೇ ತನಗೆ ಅಪ್ಪ ಎಂದು ನಂಬಿ ಒಬ್ಬ ಮನುಷ್ಯ ಪ್ರತಿ ಅರ್ಜಿಯಲ್ಲೂ ಅದನ್ನು ತನ್ನ ಕೈಯಾರೆ ಬರೆದಿದ್ದ. ನನಗೆ ಕೂತಲ್ಲಿ ಕೂರಲಾಗಲಿಲ್ಲ.

"ಅಜ್ಜನಿಗ್ ಹಾರ್ಟ್ ಸಮ ಇಲ್ಲೆ" ಎಂದಳು. "ಡಾಕ್ಟ್ರ್ ಎಂತದೂ ಗ್ಯಾರಂಟಿ ಕೊಡುದಿಲ್ಲೆ. ಬರೀ ತೇಜಪ್ಪ ಅಲ್ಲ ಅಂದ್ರೆ ಅವ್ರ್ ನಂಬುದಿಲ್ಲೆ. ಯಾರ್ ಅಂತ ಹೇಳ್ಕ್. ಬರ್ದದ್ ಬೇಕ್."

ಈ ಸಲ ಪುಸ್ತಕಕ್ಕೆ ಕೈ ಹಾಕುವ ಮೊದಲು ಮನುಷ್ಯರನ್ನು ಕೇಳಿದೆವು. ಹೊಸಬರಿಗೆ ನಾನು ಕಲಿಸಬಹುದಾದ ವಿದ್ಯೆ ಏನಾದರೂ ಇದ್ದರೆ ಇದೊಂದೇ. ಗುಲ್ವಾಡಿಯಲ್ಲಿ ಪದ್ದಕ್ಕನ ನೆರೆಮನೆಯಲ್ಲಿ ತೊಂಬತ್ತರ ಒಬ್ಬ ಅಜ್ಜಿ ಇದ್ದರು. ಕಣ್ಣು ಮಂಜು, ನಾಲಿಗೆ ಚುರುಕು.

"ಪದ್ದಕ್ಕನ್ನ ಕೊಟ್ಟದ್ ಉಪ್ಪುಂದದ ಬದಿಗೆ. ನಾ ಆಗ ಹೆಣ್, ಮದಿ ಊಟ ಉಂಡದ್ ನೆನ್ಪಿತ್ತ್. ಮಗು ಆದ ಮೇಲೆ ಗಂಡನಿಗೂ ಅಣ್ಣನಿಗೂ ಮಾತ್ ಬಂತ್. ತೇಜಪ್ಪ ಹೋಯಿ ತಂಗಿನ್ನೂ ಮಗುನ್ನೂ ಕರ್ಕಂಡ್ ಬಂದ. ಅವ ಮೂರ್ನಾಲ್ಕ್ ಸಲ ಕರೂಕೆ ಬಂದಿದ, ತೇಜಪ್ಪ ಕಳ್ಸ್ಲಿಲ್ಲೆ. ಅವ್ನ ಹೆಸ್ರ್ ಈ ಮನೆಯಂಗೆ ಹೇಳೂಕಾಗ ಅಂದ."

"ಹೆಸರು ಏನು ಅಜ್ಜಿ?"

"ಹೇಳೂಕಾಗ ಅಂದ್ ಮೇಲೆ ನಂಗ್ ಹ್ಯಾಂಗ್ ಗೊತ್ತಾತ್ತ್?"

ಇಷ್ಟು ಸಾಕಿತ್ತು. ಉಪ್ಪುಂದದ ಪುಸ್ತಕಗಳು ಬೈಂದೂರಿಗೆ ಹೋಗಿದ್ದವು. ನಿಶಾ ಅಜ್ಜನ ಹೆಸರಿನಲ್ಲಿ ಅರ್ಜಿ ಹಾಕಿದಳು, ಅನುಮತಿ ಸಿಗಲು ಆರು ವಾರ ಬೇಕಾಯಿತು. ಕಟ್ಟಿನ ಗಂಟು ನೋಡಿಯೇ ಅದು ನನ್ನ ಕೈಯದ್ದು ಎಂದು ಗೊತ್ತಾಯಿತು. ಮೂರು ಪುಸ್ತಕ. ಮದುವೆಯಾಗಿದ್ದೂ ಮನೆಯಲ್ಲಿ ಹೆಂಡತಿ ಇಲ್ಲದ ಗಂಡಸರನ್ನು ಪಟ್ಟಿ ಮಾಡೋಣ, ಅವರಲ್ಲಿ ಒಬ್ಬರಿರಬೇಕು ಎಂದು ನಾನು ಲೆಕ್ಕ ಹಾಕಿದ್ದೆ. ಒಂದು ದಿನಕ್ಕೆ ಹತ್ತೊಂಬತ್ತು ಹೆಸರಾಯಿತು. ಬೊಂಬಾಯಿಗೆ ಹೋದವರು, ಜಗಳ ಮಾಡಿಕೊಂಡವರು, ಎಲ್ಲರೂ ಸೇರಿ. ಇವರಲ್ಲಿ ಯಾರೆಂದು ಸಾಬೀತು ಮಾಡುವುದು ಹೇಗೆ ಎಂದು ತಲೆ ಕೆಟ್ಟಿತು.

ಎರಡನೇ ದಿನ, ಎರಡನೇ ಪುಸ್ತಕದ ನಡುವೆ ಒಂದು ಪುಟದಲ್ಲಿ ಕೆಂಪು ಶಾಯಿ ಕಂಡಿತು. ಮೂರು ಸಾಲಿನ ಮನೆ. ಸೂರಪ್ಪ, ಯಜಮಾನ, ಇಪ್ಪತ್ತೆಂಟು, ವಿವಾಹಿತ, ಬೇಸಾಯ. ಪದ್ದು, ಹೆಂಡತಿ, ಇಪ್ಪತ್ತಮೂರು. ಶೀನ, ಮಗ, ಮೂರು. ಕೊನೆಯ ಕಾಲಮಿನಲ್ಲಿ ಎರಡು ಸಲವೂ ಸೂರಪ್ಪ. ಕೆಳಗಿನ ಎರಡು ಸಾಲಿನ ಮೇಲೆ ಕೆಂಪು ಗೆರೆ ಎಳೆದು ಅಂಚಿನಲ್ಲಿ ಬೇರೆ ಅಕ್ಷರದಲ್ಲಿ ಬರೆದಿದ್ದರು: 'ಇವರು ಗುಲ್ವಾಡಿಯಲ್ಲಿ ವಾಸ. ಅಲ್ಲಿ ಎಣಿಸಿದೆ. ಇಲ್ಲಿ ತೆಗೆದಿದೆ.'

ಗಣತಿಯ ಕೆಲಸದಲ್ಲಿ ಒಬ್ಬರನ್ನು ಎರಡು ಕಡೆ ಎಣಿಸುವುದು ದೊಡ್ಡ ತಪ್ಪು. ಮೇಲ್ವಿಚಾರಕ ಸರಿಯಾಗಿಯೇ ಗೆರೆ ಎಳೆದಿದ್ದ. ಆದರೆ ಗಣತಿಯವನು ಆ ಮನೆಯ ಬಾಗಿಲಿಗೆ ಬಂದು ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಾಗ, ಒಬ್ಬನೇ ಇದ್ದ ಸೂರಪ್ಪ ಮೂರು ಜನ ಎಂದಿದ್ದ. ಇಬ್ಬರ ಪ್ರಾಯವನ್ನೂ ಅಂದಾಜಿಗೆ ಬಿಡದೆ ಹೇಳಿದ್ದ. ನಾನು ನನ್ನ ಸರ್ವೀಸಿನಲ್ಲಿ ಅಂಥ ಕೆಂಪು ಗೆರೆಗಳನ್ನು ಎಷ್ಟೋ ನೋಡಿದ್ದೇನೆ, ಗೆರೆ ಬಿದ್ದದ್ದನ್ನು ಓದುವ ಅಭ್ಯಾಸ ಇರಲಿಲ್ಲ. ನಿಶಾ ಅಳುತ್ತಿದ್ದಳು. ನಾನೂ ಕನ್ನಡಕ ತೆಗೆದು ಒರೆಸಿಕೊಂಡೆ.

ಸೂರಪ್ಪನ ಮನೆ ಈಗ ಇಲ್ಲ. ಅವರು ಆಮೇಲೆ ಬೇರೆ ಮದುವೆಯಾದರೋ, ಎಲ್ಲಿ ಸತ್ತರೋ ಹೇಳುವವರು ಉಪ್ಪುಂದದಲ್ಲಿ ಸಿಗಲಿಲ್ಲ. ಗೊತ್ತಿಲ್ಲದ್ದನ್ನು ನಾನು ಇನ್ನು ಬರೆಯುವವನಲ್ಲ.

ನಕಲು ತೆಗೆದುಕೊಂಡು ಕುಂಭಾಶಿಗೆ ಹೋದೆವು. ಶೀನ ಮಗನ ಜೊತೆ ಅಲ್ಲಿ ಇದ್ದರು. ಜಗಲಿಯ ಕುರ್ಚಿಯಲ್ಲಿ ಕೂತಿದ್ದರು, ಕಾಲು ಊದಿತ್ತು. ನನ್ನ ಗುರುತು ಅವರಿಗೆ ಸಿಗಲಿಲ್ಲ. ನಾನೇ ಹೇಳಿದೆ: ಆ ಕಾಗದ ಬರೆದುಕೊಟ್ಟವನು ನಾನು, ಅದು ತಪ್ಪು, ಅಲ್ಲಿ ಬರೆದದ್ದು ಯಜಮಾನನ ಹೆಸರು, ಓದಲು ಬಾರದೆ ಅಪ್ಪ ಎಂದು ಬರೆದೆ. ನಿಮ್ಮ ತಾಯಿಯನ್ನು ಕಂಡು ಬಂದಿದ್ದೆ. ಮಗ ಅಪ್ಪನ ಹೆಸರು ಕೇಳಿದ್ದರೆ ಹೇಳುತ್ತಿದ್ದೆ ಎಂದರು. ನಿಮ್ಮನ್ನು ಹುಡುಕಬೇಕಿತ್ತು, ಹುಡುಕಲಿಲ್ಲ. ಎಲ್ಲ ತಪ್ಪೂ ನನ್ನದು.

ಅವರು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ನೀವ್ ಬರ್ದದ್ ಒಂದ್ ಸಾಲ್" ಎಂದರು. "ಅಬ್ಬಿಗಿಂತ ನಿಮ್ಮ ಮೊಹರ್ ದೊಡ್ದ್ ಅಂದ್ಕಂಡದ್ ನಾನ್. ಅವ್ಳ್ ಹತ್ರ ನಾ ಕೇಂಡ ಮಾತ್ ನೀವ್ ಹೇಳ್ಕೊಟ್ಟದ್ದಲ್ಲ."

ನನ್ನ ಕೈಯಲ್ಲಿದ್ದ ನಕಲನ್ನು ತೋರಿಸಿ, "ಓದಿ" ಎಂದರು.

ಓದಿದೆ. ಸೂರಪ್ಪ, ಯಜಮಾನ, ಇಪ್ಪತ್ತೆಂಟು. ಪದ್ದು, ಹೆಂಡತಿ, ಇಪ್ಪತ್ತಮೂರು. ಶೀನ, ಮಗ, ಮೂರು.

"ಇದನ್ನ ಬರ್ಸದ್ ಯಾರ್?"

"ನಿಮ್ಮ ಅಪ್ಪಯ್ಯ. ನೀವಿಬ್ಬರೂ ಆಗ ಆ ಮನೆಯಲ್ಲಿ ಇರಲಿಲ್ಲ. ಆದರೂ ಬರೆಸಿದ್ದಾರೆ."

ತಲೆ ಆಡಿಸಿದರು. ಅಪ್ಪನ ಹೆಸರನ್ನು ತಾವೇ ಒಮ್ಮೆ ಹೇಳಿ ನೋಡುತ್ತಾರೆ ಎಂದುಕೊಂಡೆ. ನಿಶಾ ಕೂಡ ಅದಕ್ಕೇ ಕಾಯುತ್ತಿದ್ದಳು.

"ನಡುವಿನ ಸಾಲ್ ಮಾತ್ರ ಇನ್ನೊಂದ್ ಸಲ ಓದಿ" ಎಂದರು.

"ಪದ್ದು, ಹೆಂಡತಿ, ಇಪ್ಪತ್ತಮೂರು."

"ಇನ್ನೊಂದ್ ಸಲ."

ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಸಾಕು ಎನ್ನುವವರೆಗೆ ಓದಿದೆ. ಸೂರಪ್ಪ ಎಂಬ ಹೆಸರನ್ನು ಅವರು ಆ ದಿನ ಒಂದು ಸಲವೂ ಕೇಳಲಿಲ್ಲ.